ನೀನು ಕುಡಿದರೆ ನಾನು ಕುಡೀತೀನಿ

ಆ ಬೀದಿಯವರೆಲ್ಲ ಅವನನ್ನು ಕರೆಯುವುದು ಇಸ್ತ್ರಿಯಣ್ಣ ಎಂದು. ಹೆತ್ತವರು ಇಟ್ಟ ಹೆಸರು ಇರಲಿಲ್ಲವೆಂದಲ್ಲ. ಕರೆಯುವವರಿಲ್ಲದೆ ಅದು ಪೆಟ್ಟಿಗೆಯ ತಳದ ಬಟ್ಟೆಯ ಹಾಗೆ ಮಡಿಕೆ ಬಿದ್ದುಹೋಗಿತ್ತು, ಅಷ್ಟೇ. ವಯಸ್ಸು ಐವತ್ತೆಂಟು. ಅದರಲ್ಲಿ ಮೂವತ್ತಾರು ವರ್ಷವನ್ನು ಅವನು ನಿಂತೇ ಕಳೆದಿದ್ದ. ಮನೆಯ ಮುಂದಿನ ಕೋಣೆಯೇ ಅಂಗಡಿ. ಸೊಂಟದೆತ್ತರದ ಮೇಜು, ಅದರ ಮೇಲೆ ಎರಡು ಕಂಬಳಿ, ಕಂಬಳಿಯ ಮೇಲೆ ಬಿಳಿ ಹೊದಿಕೆ, ಮೂಲೆಯಲ್ಲಿ ಎತ್ತಿದರೆ ತೋಳು ನೋಯುವಷ್ಟು ಭಾರದ ಇಸ್ತ್ರಿ ಪೆಟ್ಟಿಗೆ. ಗೋಡೆಯಿಂದ ಗೋಡೆಗೆ ಹಾಕಿದ ಕಂಬಿಯಲ್ಲಿ ಅಂಗಿಗಳು ನೇತಾಡುತ್ತಿದ್ದವು. ಬೀದಿಯಲ್ಲಿ ಯಾರ ಭುಜ ಎಷ್ಟು ಅಗಲ, ಯಾರ ಹೊಟ್ಟೆ ಈ ವರ್ಷ ಎಷ್ಟು ಮುಂದೆ ಬಂದಿದೆ ಎಂಬುದು ಡಾಕ್ಟರಿಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು. ತನ್ನ ಕಾಲು ಎಷ್ಟು ಊದಿದೆ ಎಂಬುದೊಂದು ಮಾತ್ರ ಗೊತ್ತಿರಲಿಲ್ಲ. ಬಗ್ಗಿ ನೋಡಿಕೊಳ್ಳಲು ಪುರುಸೊತ್ತಾಗಿರಲಿಲ್ಲ.

ವಾರ ಯಾವುದು ಎಂದು ಅವನು ಕ್ಯಾಲೆಂಡರ್ ನೋಡಿದವನಲ್ಲ, ಬಟ್ಟೆ ನೋಡಿ ಹೇಳುತ್ತಿದ್ದ. ಶಾಲೆಯ ಯೂನಿಫಾರ್ಮ್ ರಾಶಿ ಬಂದರೆ ಭಾನುವಾರ, ವಕೀಲರ ಕರಿ ಕೋಟು ಬಂದರೆ ಸೋಮವಾರ, ಬೇಕರಿಯ ಏಪ್ರನ್ ಬಂದರೆ ಬುಧವಾರ. ಈ ಪಂಚಾಂಗ ಒಂದು ದಿನವೂ ತಪ್ಪಿಲ್ಲವೆಂದು ಅವನಿಗೆ ಹೆಮ್ಮೆ. ಇನ್ನೊಂದು ಹೆಮ್ಮೆಯೂ ಇತ್ತು. ಬಟ್ಟೆ ಸುಟ್ಟರೆ ಮುಚ್ಚಿಡುವ ಜಾಯಮಾನ ಅವನದಲ್ಲ. ‘ಕಾಲರಿನ ಹಿಂದೆ ಕಂದು ಕಲೆಯಾಗಿದೆ, ತಪ್ಪು ನನ್ನದು’ ಎಂದು ಚೀಟಿ ಬರೆದು ಗುಂಡುಸೂಜಿಯಿಂದ ಚುಚ್ಚಿ ಕೊಡುತ್ತಿದ್ದ. ಹೇಳದೆ ಇದ್ದಿದ್ದರೆ ಗೊತ್ತೇ ಆಗುತ್ತಿರಲಿಲ್ಲವಲ್ಲ ಮಾರಾಯ ಎಂದು ಗಿರಾಕಿಗಳೇ ನಕ್ಕು ಹೋಗುತ್ತಿದ್ದರು.

ಅಂಗಡಿಗೂ ನಡುಮನೆಗೂ ಮಧ್ಯೆ ಒಂದು ಪರದೆ. ಪರದೆಯಾಚೆ ಮಂಚ, ಮಂಚದ ಮೇಲೆ ಅಕ್ಕ. ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ಅವನಿಗೆ ಏಳು, ಅವಳಿಗೆ ಹದಿನೆಂಟು. ಅಂದಿನಿಂದ ಅವನ ಮೂಗು ಒರೆಸಿ, ಶಾಲೆಗೆ ಅಟ್ಟಿ, ಫೇಲಾದಾಗ ಬೈದು, ಬೈದ ತಪ್ಪಿಗೆ ಬನ್ನು ಕೊಡಿಸಿ ಬೆಳೆಸಿದವಳು ಅವಳೇ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಊರಿನ ಅರ್ಧ ಸಂಸಾರಗಳು ಅವಳ ಕಿವಿಯ ಮೂಲಕ ಹಾದುಹೋಗಿದ್ದವು, ಒಂದು ಮಾತೂ ಅವಳ ಬಾಯಿಂದ ಹೊರಬಿದ್ದಿರಲಿಲ್ಲ. ಇಬ್ಬರೂ ಮದುವೆಯಾಗಲಿಲ್ಲ. ಅವಳಿಗೆ ಪುರುಸೊತ್ತಿರಲಿಲ್ಲ, ಇವನಿಗೆ ಧೈರ್ಯವಿರಲಿಲ್ಲ. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಅವಳ ಎಡಗೈ, ಎಡಗಾಲು ಸುಮ್ಮನಾದವು. ನಾಲಿಗೆಗೆ ಮಾತ್ರ ಏನೂ ಆಗಲಿಲ್ಲ. ಅದರ ತಂಟೆಗೆ ಹೋಗುವ ಧೈರ್ಯ ಕಾಯಿಲೆಗೂ ಇರಲಿಲ್ಲ ಎಂದು ಬೀದಿಯವರು ಆಡಿಕೊಂಡರು.

ಅಕ್ಕನ ಸ್ನಾನಕ್ಕೆ ಬೀದಿಯ ಕೊನೆಯ ಬೇಕರಿಯಮ್ಮ ಬೆಳಿಗ್ಗೆ ಬಂದು ಹೋಗುತ್ತಿದ್ದಳು. ಮಿಕ್ಕಿದ್ದೆಲ್ಲ ಇಸ್ತ್ರಿಯಣ್ಣನದು. ಗಂಜಿ ಕುಡಿಸುವುದು, ಮಾತ್ರೆ ಕೊಡುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಸುಮ್ಮನಾದ ಕೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೀಡುವುದು. ಎರಡು ಅಂಗಿಯ ನಡುವೆ ಒಂದು ಸಲ ಪರದೆ ಸರಿಸಿ ಒಳಗೆ, ಇನ್ನೆರಡು ಅಂಗಿಗೆ ಹೊರಗೆ. ನೀರು ಕುಡಿದರೆ ಬಚ್ಚಲಿಗೆ ಹೋಗಬೇಕಾಗುತ್ತದೆ, ಇಸ್ತ್ರಿ ಪೆಟ್ಟಿಗೆ ಸುಮ್ಮನೆ ಕಾಯುತ್ತಿರುತ್ತದೆ ಎಂದು ಅವನು ನೀರನ್ನೇ ಬಿಟ್ಟಿದ್ದ. ಊಟವನ್ನು ಒಲೆಯ ಪಕ್ಕ ನಿಂತು ಪಾತ್ರೆಯಿಂದಲೇ ಮುಗಿಸುತ್ತಿದ್ದ, ತಟ್ಟೆ ತೊಳೆಯುವ ಹೊತ್ತು ಉಳಿಯಿತಲ್ಲ. ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ ಎಂದು ಜನ ಸುಮ್ಮನೆ ಬಾಯಿಮಾತಿಗೆ ಹೇಳುತ್ತಾರೆ. ಇವನಿಗೆ ನಿಜವಾಗಿಯೂ ತಲೆ ತುರಿಸುತ್ತಿತ್ತು, ನಿಜವಾಗಿಯೂ ಪುರುಸೊತ್ತಿರಲಿಲ್ಲ. ಕೂದಲು ಕಿವಿ ದಾಟಿ ಇಳಿದಿತ್ತು.

ಹದಿನೈದು ದಿನಕ್ಕೊಮ್ಮೆ ಆರೋಗ್ಯ ಕೇಂದ್ರದಿಂದ ಸಿಸ್ಟರ್ ಬರುತ್ತಿದ್ದಳು. ಚುರುಕು ಹೆಂಗಸು, ಚೀಲ ಇಳಿಸುವ ಮೊದಲೇ ಪ್ರಶ್ನೆ ಶುರು. ಅವಳು ಕೊಟ್ಟ ಪುಸ್ತಕದಲ್ಲಿ ಅವನು ದಿನವೂ ಬರೆದಿಡಬೇಕು. ಊಟ ಎಷ್ಟು, ನೀರು ಎಷ್ಟು, ನಿದ್ದೆ ಹೇಗೆ, ಹೀಗೆ ಸಾಲು ಸಾಲು ಕಲಂ. ಕೊನೆಯದು ‘ನಡವಳಿಕೆಯಲ್ಲಿ ಬದಲಾವಣೆ.’ ಎರಡು ವರ್ಷದಿಂದ ಆ ಕಲಮಿನಲ್ಲಿ ಅವನು ಬರೆದದ್ದು ಒಂದೇ ಮಾತು: ‘ಬೈದಳು.’ ಕೆಲವು ದಿನ: ‘ತುಂಬಾ ಬೈದಳು.’

ಆ ಸಲ ಸಿಸ್ಟರ್ ಅಕ್ಕನ ರಕ್ತದೊತ್ತಡ ನೋಡಿದ ಮೇಲೆ ಪಟ್ಟಿಯನ್ನು ಮಡಿಸಲಿಲ್ಲ. ಇಸ್ತ್ರಿಯಣ್ಣನ ಮುಖ ನೋಡಿದಳು, ಕಾಲು ನೋಡಿದಳು, ಪರದೆ ದಾಟಿ ಅಂಗಡಿಗೆ ಬಂದು, ತೋಳು ಕೊಡಿ ಎಂದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಯಾಕೆ ಬರೆ ಎಂದು ಅವನು ತಮಾಷೆ ಮಾಡಿದ. ಅವಳು ನಗಲಿಲ್ಲ. ಮೇಲಿನ ಅಂಕಿ ನೂರ ಎಪ್ಪತ್ತೆರಡು ಇತ್ತು.

“ನೀವು ಒಂದು ದಿನ ಈ ಮೇಜಿನ ಮೇಲೆ ಬಿದ್ರೆ ಆ ತಾಯೀನ ನೋಡ್ಕೊಳ್ಳೋರು ಯಾರು ಅಣ್ಣಾ?” ಎಂದಳು, ದನಿ ತಗ್ಗಿಸಿ.

ಚೀಲದಿಂದ ಒಂದು ದಪ್ಪ ಕಾಗದ ತೆಗೆದು ಕೊಟ್ಟಳು. ‘ಆರೈಕೆ ಮಾಡುವವರಿಗೆ ಐದೈದು ನಿಮಿಷ’ ಎಂದು ಮೇಲೆ ಅಚ್ಚಾಗಿತ್ತು. ನೀರು ಕುಡಿಯಿರಿ, ಕೂತು ಊಟ ಮಾಡಿ, ಕಾಲು ಮೇಲಿಟ್ಟು ವಿಶ್ರಮಿಸಿ, ಹೊರಗೆ ಒಂದು ಸುತ್ತು ನಡೆಯಿರಿ, ನಿಧಾನವಾಗಿ ಉಸಿರೆಳೆದು ಬಿಡಿ, ಗೆಳೆಯರೊಡನೆ ಮಾತಾಡಿ. ಆಗಲಿ ಸಿಸ್ಟರ್, ಆಗಲಿ ಎಂದು ಅವನು ಹತ್ತು ಸಲ ತಲೆಯಾಡಿಸಿದ. ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು. ಮುಂದಿನ ಸಲ ಬಂದಾಗ ಅಕ್ಕನ ನೆನಪು, ಬುದ್ಧಿಯ ಪರೀಕ್ಷೆ ಮಾಡಬೇಕು, ಎರಡು ವರ್ಷವಾದ ಮೇಲೆ ಎಲ್ಲರಿಗೂ ಮಾಡುತ್ತಾರೆ. ಬುದ್ಧಿ ಸರಿಯಿದ್ದರೆ ಚಿಂತೆಯಿಲ್ಲ. ತಪ್ಪುತ್ತಿದೆ ಎಂದಾದರೆ ಮಾತ್ರ, ಬೆಂಕಿಯಂಥ ಇಸ್ತ್ರಿ ಪೆಟ್ಟಿಗೆ ಇರುವ, ಬೀದಿ ಬಾಗಿಲು ಸದಾ ತೆರೆದಿರುವ ಈ ಮನೆಯಲ್ಲಿ ಒಬ್ಬನ ಕೈಯಲ್ಲಿ ಬಿಡುವಂತಿಲ್ಲ. ಹೊಳೆಯಾಚೆಯ ಆರೈಕೆ ಮನೆಗೆ ಸೇರಿಸಬೇಕಾಗುತ್ತದೆ. ಅಲ್ಲಿ ಭೇಟಿ ಭಾನುವಾರ ಒಂದು ಗಂಟೆ.

ಅಮ್ಮ ಹೋದ ಮೇಲೆ ಐವತ್ತೊಂದು ವರ್ಷ ಒಂದೇ ಸೂರಿನಡಿ ಇದ್ದವರು. ಭಾನುವಾರ ಒಂದು ಗಂಟೆ ಅಂದರೆ ಅಕ್ಕ ಬೈಯಲು ಶುರು ಮಾಡುವಷ್ಟರಲ್ಲಿ ಮುಗಿದುಹೋಗುತ್ತದೆ. ಸಿಸ್ಟರ್ ಹೋದ ಮೇಲೆ ಆ ದಪ್ಪ ಕಾಗದ ಕೈಯಲ್ಲೇ ಉಳಿದಿತ್ತು. ಒಳಗೆ ಹೋದವನು ಅದನ್ನು ಅಕ್ಕನ ಸ್ಟೂಲಿನ ಮೇಲಿಟ್ಟು, ಅದರ ಮೇಲೆ ನೀರಿನ ಲೋಟ ಇಟ್ಟ. ಮರದ ಮೇಲೆ ಲೋಟದ ಕಲೆಯಾಗುವುದು ತಪ್ಪಿತು, ಒಳ್ಳೆ ಕಾಗದ ಎಂದುಕೊಂಡು ಹೊರಟುಹೋದ. ಅಕ್ಕ ಲೋಟ ಎತ್ತಿದಳು, ಕಾಗದ ನೋಡಿದಳು, ಲೋಟವನ್ನು ಆ ಬದಿಗೆ ಸರಿಸಿಟ್ಟು ಕನ್ನಡಕ ಹುಡುಕಿದಳು.

ಮಾರನೆಯ ದಿನದಿಂದ ಅಕ್ಕನ ಬುದ್ಧಿ ಕೆಡಲು ಶುರುವಾಯಿತು. ಅಂದರೆ, ಇಸ್ತ್ರಿಯಣ್ಣನ ಪುಸ್ತಕದ ಪ್ರಕಾರ.

‘ಬೆಳಿಗ್ಗೆ ಹತ್ತು. ನೀರು ಕೊಟ್ಟೆ. ಕುಡಿಯಲಿಲ್ಲ. ನೀನು ಕುಡಿದರೆ ನಾನು ಕುಡೀತೀನಿ ಅಂದಳು. ಕಾರಣ ಕೇಳಿದರೆ, ಇದರಲ್ಲಿ ಏನು ಹಾಕಿದ್ದೀಯೋ ಯಾರು ಕಂಡರು ಅಂದಳು. ಒಂದು ಲೋಟ ಕುಡಿದೆ. ಆಮೇಲೆ ಕುಡಿದಳು. ಅನುಮಾನದ ಕಾಯಿಲೆ ಇರಬಹುದು.’

‘ಮಧ್ಯಾಹ್ನ. ನಿಂತು ಉಣ್ಣಬೇಡ, ನಿನ್ನ ನೆರಳು ನನ್ನ ತಟ್ಟೆಗೆ ಬೀಳುತ್ತೆ, ಇಲ್ಲಿ ಬಂದು ಕೂತು ಉಣ್ಣು ಅಂದಳು. ನಾನು ಉಣ್ಣುವುದು ಅಡುಗೆಮನೆಯಲ್ಲಿ. ನೆರಳು ಅಷ್ಟು ಉದ್ದ ಬರುವುದಿಲ್ಲ. ವಾದ ಮಾಡಲಿಲ್ಲ. ಕೂತು ಉಂಡೆ.’

‘ಎರಡೂವರೆ. ನನ್ನ ಎರಡೂ ಕಾಲನ್ನು ಅವಳ ಮಂಚದ ಮೇಲೆ ಇಡಬೇಕಂತೆ. ಅವಳ ಕಾಲು ಊದಿದೆಯೋ ಇಲ್ಲವೋ ಪಕ್ಕದಲ್ಲಿಟ್ಟು ನೋಡಬೇಕಂತೆ. ಹತ್ತು ನಿಮಿಷ ನೋಡಿದಳು. ನಿಂದೇ ದಪ್ಪ ಅಂದಳು.’

ಮೂರು ದಿನವಾಗುವ ಹೊತ್ತಿಗೆ ಗಡಿಯಾರದ ಕಾಟ ಸೇರಿಕೊಂಡಿತು. ಸಂಜೆ ನಾಲ್ಕಾದರೆ ಸಾಕು, ಅಕ್ಕ ಪರದೆಯಾಚೆಯಿಂದ ಕೂಗುವಳು. ನಮ್ಮ ಗಡಿಯಾರ ನಿಧಾನ ಆಗಿದೆ, ಹೋಗಿ ಬೇಕರಿಯ ಗೋಡೆ ಗಡಿಯಾರ ನೋಡಿ ಬಾ. ಬೇಕರಿ ಬೀದಿಯ ಆ ತುದಿಗೆ, ಹೋಗಿ ಬರಲು ಹತ್ತು ನಿಮಿಷ. ಮೊದಲ ದಿನ ಓಡಿ ಹೋಗಿ ಓಡಿ ಬಂದ. ಏದುಸಿರು ಬಿಡುತ್ತ ಬಂದವನನ್ನು ಅಕ್ಕ ತರಾಟೆಗೆ ತೆಗೆದುಕೊಂಡಳು. ಓಡಿದರೆ ಟೈಮು ಹೆಚ್ಚುಕಡಿಮೆ ಆಗುತ್ತದೆ, ನಿಧಾನವಾಗಿ ನಡೆದು ಹೋಗಬೇಕು. ಎರಡನೆಯ ದಿನ ನಡೆದು ಹೋದ. ದಾರಿಯಲ್ಲಿ ಚಪ್ಪಲಿ ಹೊಲಿಯುವವನು ಮಾತಾಡಿಸಿದ, ಎರಡು ವರ್ಷದಿಂದ ಎಲ್ಲಿ ಹೋಗಿದ್ದೆ ಮಾರಾಯ ಎಂದ. ಎದುರು ಮನೆಯ ಮಹಡಿಗೆ ಹಸಿರು ಬಣ್ಣ ಹೊಡೆದದ್ದು ಅಂದೇ ಅವನ ಕಣ್ಣಿಗೆ ಬಿತ್ತು. ಹೊಡೆದು ವರ್ಷವಾಗಿತ್ತು.

ಬೇಕರಿ ಗಡಿಯಾರವೂ ನಮ್ಮದೂ ಒಂದೇ ಎಂದು ಬಂದು ಹೇಳಿದರೆ, ಅಕ್ಕ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳಂತೆ, ನಾಳೆ ಮತ್ತೆ ನೋಡೋಣ ಎನ್ನುವಳು. ‘ಗಡಿಯಾರದ ಮೇಲೆ ನಂಬಿಕೆ ಹೋಗಿದೆ’ ಎಂದು ಅವನು ಪುಸ್ತಕದಲ್ಲಿ ಬರೆದ. ಅದರ ಕೆಳಗೆ: ‘ಉಸಿರಾಟದ ಮೇಲೂ. ತಾನು ಉಸಿರೆಳೆಯುವಾಗ ನಾನೂ ಎಳೆಯಬೇಕಂತೆ, ಬಿಡುವಾಗ ಬಿಡಬೇಕಂತೆ, ಇಲ್ಲದಿದ್ದರೆ ಅವಳಿಗೆ ಎಣಿಕೆ ತಪ್ಪುತ್ತದಂತೆ. ಇಪ್ಪತ್ತು ಸಲ ಮಾಡಿಸಿದಳು. ನನಗೆ ನಿದ್ದೆ ಬಂತು.’

ಇಷ್ಟಕ್ಕೆ ನಿಂತಿದ್ದರೆ ಅವನು ಹೇಗೋ ಸಹಿಸಿಕೊಳ್ಳುತ್ತಿದ್ದ. ಒಂದು ದಿನ ಅಕ್ಕ, ಮನೆಯ ಫೋನಿನ ಲೈನು ಟೆಸ್ಟ್ ಮಾಡಬೇಕು ಎಂದಳು. ಲೈನು ಸರಿಯಿದೆ ಎಂದ. ನಲವತ್ತು ವರ್ಷ ಆಪರೇಟರ್ ಆಗಿದ್ದವಳು ನಾನೋ ನೀನೋ ಎಂದಳು. ಯಾರಿಗೆ ಮಾಡಲಿ ಎಂದರೆ, ಬೋರ್ಡ್ ಬರೆಯುವ ಗೆಳೆಯನ ನಂಬರು ಅಂಕಿ ಅಂಕಿಯಾಗಿ ಬಾಯಲ್ಲೇ ಒಪ್ಪಿಸಿದಳು. ಆ ಗೆಳೆಯನೂ ಇವನೂ ಒಂದು ಕಾಲದಲ್ಲಿ ಜೀವದ ಸ್ನೇಹಿತರು. ಅಂಗಡಿಯ ಬೋರ್ಡಿನಲ್ಲಿ ಒಂದು ಇಸ್ತ್ರಿ ಪೆಟ್ಟಿಗೆಯ ಚಿತ್ರ ಬರೆದು, ಅದು ಬಾತುಕೋಳಿಯ ಹಾಗೆ ಕಂಡು, ಅದನ್ನು ಹಾಗೇ ಬಿಟ್ಟುಹೋದ ಪುಣ್ಯಾತ್ಮ. ಫೋನ್ ಎತ್ತಿದವನೇ, ಬಾತುಕೋಳಿ ಹೇಗಿದೆ ಎಂದು ಕೇಳಿದ. ಇಸ್ತ್ರಿಯಣ್ಣ ಗೋಡೆಗೆ ಒರಗಿ ನಿಂತು ನಕ್ಕ, ಆಮೇಲೆ ಕುಕ್ಕರಗಾಲಿನಲ್ಲಿ ಕೂತು ನಕ್ಕ, ಇಪ್ಪತ್ತು ನಿಮಿಷವಾದ ಮೇಲೆ ಕಣ್ಣೊರೆಸಿಕೊಂಡು ಫೋನ್ ಇಟ್ಟ. ಲೈನಿನಲ್ಲಿ ಸ್ವಲ್ಪ ಗೊರಗೊರ ಇದೆ, ನಾಳೆ ಇನ್ನೊಮ್ಮೆ ಮಾಡು ಎಂದಳು ಅಕ್ಕ. ‘ಇಲ್ಲದ ಸದ್ದು ಕೇಳಿಸುತ್ತಿದೆ’ ಎಂದು ಅವನು ಬರೆದ.

ಈ ಮಧ್ಯೆ ಒಂದು ಸಂಗತಿ ಅವನ ಗಮನಕ್ಕೆ ಬಾರದೆ ಇರಲಿಲ್ಲ. ಮೈ ಹಗುರವಾಗಿತ್ತು. ಮಧ್ಯಾಹ್ನದ ತಲೆನೋವು ಮಾಯವಾಗಿತ್ತು. ಹತ್ತು ದಿನದಲ್ಲಿ ಒಂದೇ ಒಂದು ಕಾಲರೂ ಸುಟ್ಟಿರಲಿಲ್ಲ. ಅಕ್ಕನಿಗೆ ಇಂಥ ಕಷ್ಟಕಾಲ ಬಂದಿದೆಯೆಂದು ದೇವರೇ ತನಗೆ ಸ್ವಲ್ಪ ಹೆಚ್ಚು ಶಕ್ತಿ ಕೊಟ್ಟಿರಬೇಕು ಎಂದು ಅವನು ತೀರ್ಮಾನಿಸಿದ. ಪಾಪ, ಅಷ್ಟು ಒಳ್ಳೆಯವನಿಗೆ ಅಷ್ಟೇ ಬುದ್ಧಿ.

ಬೇಕರಿಯಮ್ಮನ ಹತ್ತಿರ ವಿಷಯ ಎತ್ತಿದ. ಅವಳು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ವಯಸ್ಸಾದ ಮೇಲೆ ಯಾರಿಗೆ ಏನು ಅಂತ ಹೇಳೋಕಾಗುತ್ತೆ, ಸ್ನಾನದ ಹೊತ್ತಲ್ಲಿ ಮಾತ್ರ ಸರಿಯಾಗೇ ಇರ್ತಾರಪ್ಪ ಎಂದಳು. ಅದು ಅವನಿಗೆ ಸಮಾಧಾನ ಕೊಡಲಿಲ್ಲ. ಹಾಗಾದರೆ ತನ್ನ ಹತ್ತಿರ ಮಾತ್ರ ಕೆಡುತ್ತಿದೆ. ಅದು ಇನ್ನೂ ಕೆಟ್ಟದ್ದಲ್ಲವೇ?

ಪರೀಕ್ಷೆಗೆ ಇನ್ನು ನಾಲ್ಕು ದಿನ ಇರುವಾಗ ಅವನು ಅಕ್ಕನಿಗೆ ಪಾಠ ಶುರು ಮಾಡಿದ. ಸಿಸ್ಟರ್ ಏನೇನು ಕೇಳಬಹುದು ಎಂದು ಮೆಡಿಕಲ್ ಶಾಪಿನವನಿಂದ ತಿಳಿದು ಬಂದಿದ್ದ. ಇದು ಯಾವ ತಿಂಗಳು, ನೀನೆಲ್ಲಿದ್ದೀಯ, ನೂರರಿಂದ ಏಳೇಳು ಕಳೆಯುತ್ತಾ ಹೋಗು. ಅಕ್ಕ ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಎಂದು ಎರಡರವರೆಗೂ ಒಂದೇ ಉಸಿರಿಗೆ ಇಳಿದು ಬಂದಳು. ಈಗ ನೀನು ಮಾಡು ಎಂದಳು. ಅವನು ಎಂಬತ್ತಾರಿನ ಹತ್ತಿರ ನಿಂತು ಚಾವಣಿ ನೋಡಿದ. ಚಿಕ್ಕವನಾಗಿದ್ದಾಗಲೂ ಅಲ್ಲೇ ನಿಲ್ತಿದ್ದೆ, ಏನೂ ಬದಲಾಗಿಲ್ಲ ಬಿಡು ಎಂದಳು ಅಕ್ಕ. ಇಷ್ಟು ಚುರುಕಾದವಳು ನಾಲ್ಕು ಗಂಟೆಗೆ ಸರಿಯಾಗಿ ಮತ್ತೆ ಗಡಿಯಾರ ನೋಡಿ ಬಾ ಎಂದಾಗ ಅವನಿಗೆ ಅಳುವೇ ಬಂದಂತಾಯಿತು.

ಪರೀಕ್ಷೆಯ ಬೆಳಿಗ್ಗೆ ಪುಸ್ತಕ ಕೈಯಲ್ಲಿ ಹಿಡಿದು ನಿಂತ. ಎಂಟು ಪುಟ ತುಂಬಿತ್ತು. ಇದನ್ನು ಓದಿದರೆ ಸಿಸ್ಟರ್ ಪರೀಕ್ಷೆಯನ್ನೇ ಮಾಡುವುದಿಲ್ಲ, ನೇರವಾಗಿ ಹೊಳೆಯಾಚೆಗೆ ಗಾಡಿ ಕರೆಸುತ್ತಾಳೆ. ಹರಿದು ಹಾಕಲೇ? ಸುಟ್ಟ ಕಲೆಯನ್ನು ಚೀಟಿ ಚುಚ್ಚಿ ತೋರಿಸುವ ಕೈ ಅದು, ಹರಿಯಲು ಬರಲಿಲ್ಲ. ಆದರೆ ಅಂಗಿಯ ಮಾತು ಬೇರೆ, ಅಕ್ಕನ ಮಾತು ಬೇರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಸ್ತ್ರಿಯಾದ ಹಾಸಿಗೆ ಹೊದಿಕೆಗಳ ರಾಶಿಯ ಮಧ್ಯೆ ಪುಸ್ತಕ ತೂರಿಸಿ, ಮೇಲಿನಿಂದ ಎರಡು ಸಲ ತಟ್ಟಿದ.

ಸಿಸ್ಟರ್ ಬಂದಳು. ಅಕ್ಕನ ಮಂಚದ ಪಕ್ಕ ಕುರ್ಚಿ ಎಳೆದು ಕೂತು ಒಂದೊಂದಾಗಿ ಕೇಳಿದಳು. ಅವನು ಪರದೆಯ ಅಂಚು ಹಿಡಿದು ನಿಂತಿದ್ದ. ಅಕ್ಕ ತಿಂಗಳು ಹೇಳಿದಳು, ಏಳೇಳು ಕಳೆದಳು, ಗಡಿಯಾರದ ಚಿತ್ರ ಬರೆಯಿರಿ ಎಂದರೆ ಬಲಗೈಯಲ್ಲಿ ಸೊಗಸಾಗಿ ಬರೆದಳು. ಮೊದಲು ಹೇಳಿದ ಮೂರು ಪದ ನೆನಪಿದೆಯಾ ಎಂದರೆ ಮೂರನ್ನೂ ಹೇಳಿ, ಮೂರನೆಯದನ್ನು ಹೇಳುವಾಗ ನಿಮಗೆ ಕೆಮ್ಮು ಬಂತು, ನೀರು ಕುಡೀರಿ ಎಂದಳು. ಇಸ್ತ್ರಿಯಣ್ಣನ ಜೀವಕ್ಕೆ ಜೀವ ಬಂತು. ಅಷ್ಟರಲ್ಲಿ ಸಿಸ್ಟರ್ ಕೈ ಚಾಚಿ ಪುಸ್ತಕ ಕೇಳಿದಳು.

“ಎಲ್ಲೋ ಕಳೆದುಹೋಗಿದೆ ಸಿಸ್ಟರ್” ಎಂದ. ಹೇಳುತ್ತ ಹೇಳುತ್ತ ಕಣ್ಣು ತಾನಾಗಿಯೇ ಹೊದಿಕೆಗಳ ರಾಶಿಯ ಕಡೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

“ಕಳೆದಿಲ್ಲ” ಎಂದಳು ಅಕ್ಕ ಮಂಚದಿಂದ. “ಮೇಲಿಂದ ನಾಲ್ಕನೇ ಹೊದಿಕೆ, ನೀಲಿ ಗೀಟಿಂದು, ಅದರ ಕೆಳಗಿದೆ. ಬೆಳಿಗ್ಗೆ ಪರದೆ ಸರಿ ಹಾಕೋದು ಮರೆತಿದ್ದ.”

ಅಕ್ಕನ ಬುದ್ಧಿ ಎಷ್ಟು ನೆಟ್ಟಗಿದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಆದರೆ ಅದನ್ನು ಯೋಚಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ. ಸಿಸ್ಟರ್ ಪುಸ್ತಕ ತೆಗೆದು ಓದತೊಡಗಿದಳು. ಮೊದಲ ಪುಟಕ್ಕೆ ಅವಳ ಹುಬ್ಬು ಗಂಟಾಯಿತು. ಎರಡನೆಯ ಪುಟಕ್ಕೆ ಗಂಟು ಸಡಿಲವಾಯಿತು. ಮೂರನೆಯ ಪುಟದಲ್ಲಿ ತಲೆಯೆತ್ತಿ ಅಕ್ಕನನ್ನು ನೋಡಿದಳು. ಅಕ್ಕ ಕಿಟಕಿ ನೋಡುತ್ತಿದ್ದಳು.

ಸಿಸ್ಟರ್ ಪುಸ್ತಕದೊಳಗೆ ಬೆರಳಿಟ್ಟುಕೊಂಡು, ಇಸ್ತ್ರಿಯಣ್ಣನಿಗೆ ಕುರ್ಚಿ ತೋರಿಸಿ, ಇವತ್ತು ಯಾವ ವಾರ ಎಂದು ಕೇಳಿದಳು. ಬೇಕರಿಯ ಏಪ್ರನ್ ಆಗಷ್ಟೇ ಬಂದು ಬಿದ್ದಿತ್ತು. ಬುಧವಾರ ಎಂದ, ಧೈರ್ಯವಾಗಿ.

“ಗುರುವಾರ ಕಣೋ” ಎಂದಳು ಅಕ್ಕ. “ಬೇಕರಿಯಮ್ಮ ಏಪ್ರನ್ ಒಂದು ದಿನ ತಡವಾಗಿ ಕಳಿಸಿದ್ದಾಳೆ. ಅವಳು ಒಂದು ವಾರ ಕಳಿಸದೆ ಇದ್ರೆ ನೀನು ವಾರವೆಲ್ಲ ಮಂಗಳವಾರದಲ್ಲೇ ಇರ್ತೀಯ.”

ಪರೀಕ್ಷೆಯಲ್ಲಿ ಫೇಲಾದದ್ದು ಯಾರು ಎಂದು ಸಿಸ್ಟರ್ ಹೇಳಲಿಲ್ಲ. ಅವನ ತೋಳಿಗೆ ಪಟ್ಟಿ ಸುತ್ತಿ ಬಿಗಿ ಮಾಡಿದಳು. ನೂರ ಐವತ್ತು. ಔಷಧಕ್ಕೆ ಡಾಕ್ಟರನ್ನು ನೋಡಲೇಬೇಕು, ನಾಳೆಯೇ ಹೋಗಬೇಕು, ಆದರೂ ಹದಿನೈದು ದಿನದಲ್ಲಿ ಇಷ್ಟು ಇಳಿದದ್ದು ಹೇಗೆ ಎಂದು ಕೇಳಿದಳು. ಏನೂ ಮಾಡಿಲ್ಲ, ದೇವರ ದಯೆ ಎಂದ. ಸಿಸ್ಟರ್ ಸ್ಟೂಲಿನ ಮೇಲಿನ ಲೋಟ ಎತ್ತಿ ಅದರಡಿಯ ಕಾಗದ ತೆಗೆದಳು. ಲೋಟದ ತಳದ ಗುಂಡನೆ ಗುರುತುಗಳು ಅದರ ತುಂಬ ಬಿದ್ದಿದ್ದವು. ಕಾಗದವನ್ನು ಅವನ ಒಂದು ಮೊಣಕಾಲ ಮೇಲೆ, ಪುಸ್ತಕವನ್ನು ಇನ್ನೊಂದರ ಮೇಲೆ ಇಟ್ಟು, ಓದಿ ಅಣ್ಣಾ ಎಂದಳು.

ಓದಿದ. ನೀರು ಕುಡಿಯಿರಿ. ಇತ್ತ, ಅನುಮಾನದ ಕಾಯಿಲೆ. ಕಾಲು ಮೇಲಿಟ್ಟು ವಿಶ್ರಮಿಸಿ. ಇತ್ತ, ನಿಂದೇ ದಪ್ಪ ಅಂದಳು. ಹೊರಗೆ ಒಂದು ಸುತ್ತು ನಡೆಯಿರಿ. ಇತ್ತ, ಗಡಿಯಾರದ ಮೇಲೆ ನಂಬಿಕೆ ಹೋಗಿದೆ. ಗೆಳೆಯರೊಡನೆ ಮಾತಾಡಿ ಎಂಬಲ್ಲಿಗೆ ಬರುವಷ್ಟರಲ್ಲಿ ಅವನ ಕಿವಿ ಕೆಂಪಗಾಗಿತ್ತು. ಇವನು ಚಾಪೆಯ ಕೆಳಗೆ ತೂರಿದರೆ ಅಕ್ಕ ರಂಗೋಲಿಯ ಕೆಳಗೆ ತೂರುವವಳು ಎಂಬುದು ಐವತ್ತೊಂದು ವರ್ಷದಿಂದ ಗೊತ್ತಿದ್ದ ಸತ್ಯ. ಗೊತ್ತಿದ್ದೂ ಮೋಸ ಹೋಗಿದ್ದ. ಸಿಸ್ಟರ್ ಇನ್ನು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ನನಗೆ ಒಂದು ಮಾತು ಹೇಳಬಹುದಿತ್ತಲ್ಲ ಅಕ್ಕಾ” ಎಂದ ಅವನು, ಸ್ವಲ್ಪ ಕೋಪದಲ್ಲೇ. ಅವಳಿಗೆ ಹುಚ್ಚು ಹಿಡಿಯುತ್ತಿದೆಯೆಂದು ಹದಿನೈದು ದಿನ ಒದ್ದಾಡಿದವನು ಅವನಲ್ಲವೇ.

“ಹೇಳಿದ್ರೆ ಮಾಡ್ತಿದ್ಯಾ? ನಿನ್ನ ಸಲುವಾಗಿ ಅಂದ್ರೆ ಒಂದು ಲೋಟ ನೀರು ಕುಡಿಯೋನಲ್ಲ ನೀನು. ನನ್ನ ಸಲುವಾಗಿ ಅಂದ್ರೆ ಬಾವಿ ಕೊಟ್ರೂ ಕುಡೀತೀಯ.”

ನಗು ಮುಗಿಸಿ ಕಣ್ಣೊರೆಸಿಕೊಂಡ ಸಿಸ್ಟರ್ ಆಗ ಗಂಭೀರಳಾದಳು. ಅಕ್ಕ ಮಾಡಿದ್ದು ಹುಡುಗಾಟದ ಕೆಲಸವಲ್ಲ ಎಂದಳು. ಪುಸ್ತಕದಲ್ಲಿ ಹೀಗೆಲ್ಲ ಇದ್ದು, ಪರೀಕ್ಷೆಯಲ್ಲೂ ಎಲ್ಲೋ ಒಂದೆರಡು ತಪ್ಪಾಗಿದ್ದರೆ ತಾನು ನಂಬಿಬಿಡುತ್ತಿದ್ದೆ, ಮುಂದಿನ ವಾರವೇ ಹೊಳೆಯಾಚೆಗೆ ಕಳಿಸುತ್ತಿದ್ದೆ. ಅದು ಗೊತ್ತಿತ್ತಾ ಎಂದು ಕೇಳಿದಳು.

“ಗೊತ್ತಿತ್ತು” ಎಂದಳು ಅಕ್ಕ. “ನೀವು ಅವತ್ತು ಎಷ್ಟು ಮೆಲ್ಲಗೆ ಹೇಳಿದ್ರೂ ನನ್ನ ಕಿವಿಗೆ ಬೀಳದೆ ಇರುತ್ತಾ?” ಆಮೇಲೆ ತಮ್ಮನ ಕಡೆ ಬೆರಳು ತೋರಿದಳು. “ನೋಡಿ ಸಿಸ್ಟರ್, ಇವನು ಸತ್ರೂ ನಾನು ಅಲ್ಲಿಗೇ ಹೋಗ್ಬೇಕು. ಬುದ್ಧಿ ಕೆಟ್ಟಿದೆ ಅಂತ ಹೋದ್ರೂ ಅಲ್ಲಿಗೇ. ಬುದ್ಧಿ ಕೆಟ್ಟು ಹೋದ್ರೆ ಭಾನುವಾರ ಒಂದು ಗಂಟೆ ನೋಡೋಕೆ ಇವನಾದ್ರೂ ಬರ್ತಾನಲ್ಲ.”

ಸಿಸ್ಟರ್ ಚೀಲದ ಜಿಪ್ಪು ಹಾಕುವ ನೆಪದಲ್ಲಿ ತಲೆ ಬಗ್ಗಿಸಿದಳು. ಅಕ್ಕ ಮನೆಯಲ್ಲೇ ಇರಬಹುದು ಎಂದು ಬರೆದ ಚೀಟಿಯನ್ನು ಮಂಚದ ಮೇಲಿಟ್ಟು, ಬರುತ್ತೇನೆ ಎಂದು ಹೊರಟಳು. ಇಸ್ತ್ರಿಯಣ್ಣನಿಗೆ ಬಾಗಿಲವರೆಗೆ ಹೋಗಿ ಕಳಿಸಿಕೊಡಬೇಕೆಂದು ತೋರಲಿಲ್ಲ. ಕುರ್ಚಿಯಲ್ಲೇ ಕೂತಿದ್ದ. ಕಣ್ಣಿಂದ ನೀರು ಇಳಿದು ಗಡ್ಡದವರೆಗೆ ಬಂದಿತ್ತು, ಒರೆಸಿಕೊಳ್ಳಬೇಕೆಂದೂ ತೋರಲಿಲ್ಲ. ಅಕ್ಕ ಬಲಗೈ ಚಾಚಿ, ಎಟುಕದೆ, ತನ್ನ ಸೆರಗಿನ ತುದಿಯನ್ನು ಅವನ ಕಡೆ ಎಸೆದಳು. ಅವನು ಅದರಲ್ಲಿ ಮುಖ ಒತ್ತಿಕೊಂಡ.

ಹೊರಗೆ ವಕೀಲರ ಮನೆಯವರು ಬಂದು ಮೇಜು ಬಡಿದರು. ಇಸ್ತ್ರಿಯಣ್ಣಾ, ಕೋಟು ಆಯ್ತಾ, ಬೇಗ ಬೇಕು ಎಂದು ಕೂಗಿದರು. ಮೂವತ್ತಾರು ವರ್ಷದಲ್ಲಿ ಆ ಮೇಜಿನ ಮುಂದೆ ಯಾರನ್ನೂ ಅವನು ಕಾಯಿಸಿದ್ದಿಲ್ಲ. ಏಳಲು ಹೋದ. ಮುಖ ಹೀಗಿರುವಾಗ ಹೇಗೆ ಹೋಗುವುದು ಎಂದು ಮತ್ತೆ ಕೂತ.

“ಐದು ನಿಮಿಷ ಕಾಯ್ರಿ” ಎಂದ, ಕೂತಲ್ಲಿಂದಲೇ.

“ಹತ್ತು ಅನ್ನೋ” ಎಂದಳು ಅಕ್ಕ.

“ಹತ್ತು ನಿಮಿಷ” ಎಂದು ಅವನು ಗಟ್ಟಿಯಾಗಿ ಕೂಗಿ ಹೇಳಿದ.